ಮಿತ್ಸುಮಿ ಟೋಕಿಯೋಗೆ, ನಾವು ಬೆಂಗಳೂರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಪಿಯುಸಿ ಮುಗಿಸಿ ಬೆಂಗಳೂರು ಬಸ್ ಹತ್ತಿದವರು ಇವತ್ತಿನ ಎಪಿಸೋಡ್ ಪೂರ್ತಿ ಕೇಳ್ರಿ.

‘ಸ್ಕಿಪ್ ಅಂಡ್ ಲೋಫರ್’ ಮಿಸಾಕಿ ತಕಾಮತ್ಸು 2018ರಲ್ಲಿ ಶುರು ಮಾಡಿದ ಮಾಂಗಾ. 2023ರಲ್ಲಿ ಪಿ.ಎ. ವರ್ಕ್ಸ್ ಸ್ಟುಡಿಯೋ ಅದನ್ನು 12 ಕಂತಿನ ಅನಿಮೆ ಮಾಡಿತು. ನಾಯಕಿ ಮಿತ್ಸುಮಿ ಸಣ್ಣ ಊರಿನ ಟಾಪರ್. ಟೋಕಿಯೋದಾಗ ಓದಿ, ದೊಡ್ಡ ಅಧಿಕಾರಿ ಆಗಿ, ಖಾಲಿ ಆಗ್ತಿರೋ ತನ್ನೂರು ಉಳಿಸೋದು ಆಕಿ ಪ್ಲ್ಯಾನ್. ಹೈಸ್ಕೂಲಿನ ಮೊದಲ ದಿನವೇ ರೈಲಿನ ದಾರಿ ತಪ್ತದ. ಅಲ್ಲಿ ಸಿಗೋನೇ ಶಿಮಾ.

ಇದು ರೊಮ್ಯಾನ್ಸ್ ಹೆಂಗ? 12 ಕಂತು ಮುಗಿದರೂ ಇಬ್ಬರೂ ‘ಐ ಲವ್ ಯೂ’ ಅನ್ನಂಗಿಲ್ಲ. ಆಕಿ ಮುಂದ ಶಿಮಾ ಸುಳ್ಳು ನಗು ನಗೋದು ಕಡಿಮೆ ಆಗ್ತದ, ಅಷ್ಟೇ. ನನಗ ಅಷ್ಟು ಸಾಕು.

ಊರವರ ಜೊತೆ ಮಾತಾಡುವಾಗ ಮಿತ್ಸುಮಿಯ ಊರ ಭಾಷೆ ಹೊರಗ ಬರ್ತದ. ಇಂಗ್ಲಿಷ್ ಸಬ್‌ಟೈಟಲ್‌ನಾಗ ಅದು ಸಿಗೋದು ಕಷ್ಟ, ಕಿವಿಯಿಂದ ಹಿಡೀಬೇಕು. ಪಿಜಿಯಾಗ ‘ಹೌದ್ರಿ’ ಅಂದು ನಗಿಸಿಕೊಂಡವರಿಗೆ ಲಗೂನ ತಿಳೀತದ.

ಆಕಿ ಊರು ಕಲ್ಪಿತ, ಆದರೆ ಇಶಿಕಾವಾ ಪ್ರಾಂತ್ಯದ ಸುಝು ಪಟ್ಟಣ ನೋಡಿ ಕಟ್ಟಿದ್ದು. ಸುಝುವಿನ ರೈಲು 2005ರಲ್ಲೇ ನಿಂತಿತು. ನಮ್ಮಲ್ಲಿ ಇಂಡಿ, ಬಾಗೇವಾಡಿ ಹೆಸರಿನ ‘ರೋಡ್’ ಸ್ಟೇಷನ್ನರೆ ಅವ. ಸಿಂದಗಿ, ಮುದ್ದೇಬಿಹಾಳಕ್ಕ ಬಸ್ಸೇ ಗತಿ.

ಅನಿಮೆ ಮುಗಿದು ವರ್ಷ ತುಂಬಿರಲಿಲ್ಲ. 2024ರ ಜನವರಿ 1ರಂದು 7.6 ತೀವ್ರತೆಯ ಭೂಕಂಪ ಬಂದು ಸುಝುವಿನ ಸಾವಿರಾರು ಮನೆ ಹಾಳಾದವು. ಮಿತ್ಸುಮಿ ವಾಪಸ್ ಬಂದು ಉಳಿಸ್ತೀನಿ ಅಂದ ಊರು ಅದು. ಈಗ ಮೊದಲ ಕಂತು ನೋಡಿದರೆ ಆಕಿಯನ್ನು ಕಳಿಸಿಕೊಡೋ ಸೀನ್ ಬ್ಯಾರೆನೇ ಕಾಣ್ತದ.

ನೋಡ್ರಿ, ನೋಡಿ ವಾಯ್ಸ್ ನೋಟ್ ಕಳಿಸ್ರಿ: ನೀವು ಊರಿಗೆ ವಾಪಸ್ ಹೋಗ್ತೀರೇನು?