ನಿಮಗಿದು ಗೊತ್ತೆ? ಕೋವಿಗೆ ತುಕ್ಕೇ ಕಾವಲು!

ಹೊರಗೆ ಹ್ಯಾಮರ್ ಕಾಣುವ ಹಳೆಯ ಇಂಗ್ಲಿಷ್ ಜೋಡುನಳಿಗೆ ಕೋವಿಯ ಕಪ್ಪು ಮೆರುಗು ಬಳಿದ ಬಣ್ಣವಲ್ಲ, ಬೇಕೆಂದೇ ಹಿಡಿಸಿದ ತುಕ್ಕು! ತುಕ್ಕು ಕಬ್ಬಿಣವನ್ನು ತಿನ್ನುವುದಿಲ್ಲವೇ ಎನ್ನಬಹುದು. ತಿನ್ನುವುದು ಹಕ್ಕಳೆಯಾಗಿ ಕಳಚುವ ಕೆಂಪು ತುಕ್ಕು. ಅದರ ತೆಳು ಪದರವನ್ನು ನೀರಿನಲ್ಲಿ ಕುದಿಸಿದರೆ ಕಪ್ಪು ಮ್ಯಾಗ್ನೆಟೈಟ್ ಆಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಹಿಡಿದಿಟ್ಟು ತೇವ ತಡೆಯುತ್ತದೆ. ಹೊಸ ಮೆರುಗು ಕೊಡಲು ತುಕ್ಕು ಹಿಡಿಸಿ, ಕುದಿಸಿ, ಉಜ್ಜುವ ಕೆಲಸ ಹಲವು ಸಲ ನಡೆಯಬೇಕು. ಇಷ್ಟು ಶ್ರಮವೇಕೆ, ಈಗಿನ ಬಂದೂಕುಗಳಂತೆ ಬಿಸಿ ಕ್ಷಾರದಲ್ಲಿ ಮುಳುಗಿಸಿದರೆ ಸಾಲದೇ? ಸಾಲದು. ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರುವುದು ತವರ-ಸೀಸದ ಮೆದು ಬೆಸುಗೆ. ಬಿಸಿ ಕ್ಷಾರದಲ್ಲಿರುವ ಕಾಸ್ಟಿಕ್ ಸೋಡಾ ಅದನ್ನೇ ತಿಂದುಹಾಕುತ್ತದೆ. ಹಾಗಾಗಿ ಹಳೆ ಕೋವಿ ಕೊಳ್ಳುವವರು ಮಿರುಗಿಗೆ ಮರುಳಾಗದೆ ಮೊದಲು ಬೆಸುಗೆ ನೋಡಬೇಕು.