ಬರುವವರ ಬವಣೆ ಬಲ್ಲ ಮನೆ

ಮುಂಬೈ ನೋಡಲು ಹೋದವರು ಅಪೊಲೊ ಬಂದರಿನಲ್ಲಿ ಗೇಟ್‌ವೇ ಆಫ್ ಇಂಡಿಯಾಕ್ಕೆ ಬೆನ್ನು ಕೊಟ್ಟು ನಿಂತು, ಎದುರಿನ ತಾಜ್ ಹೋಟೆಲಿನ ಫೋಟೊ ತೆಗೆದುಕೊಳ್ಳದೆ ಮರಳುವುದಿಲ್ಲ. ಮೊದಲು ಆ ಕಮಾನು ಬಂತು, ಆಮೇಲೆ ಅದರೆದುರು ಶ್ರೀಮಂತರಿಗಾಗಿ ಈ ಹೋಟೆಲು ಎದ್ದಿತು ಎಂದೇ ಬಹಳ ಮಂದಿಯ ಎಣಿಕೆ. ನಡೆದದ್ದು ತಿರುಗುಮುರುಗು. ಜಾರ್ಜ್ ವಿಟೆಟ್ ವಿನ್ಯಾಸದ ಗೇಟ್‌ವೇ ಪೂರ್ಣಗೊಂಡದ್ದು 1924ರಲ್ಲಿ. ಅಷ್ಟರಲ್ಲಿ ತಾಜ್ ಬಾಗಿಲು ತೆರೆದು ಎರಡು ದಶಕ ಕಳೆದಿತ್ತು. ಹಡಗಿನಲ್ಲಿ ಬರುತ್ತಿದ್ದವರ ಕಣ್ಣಿಗೆ ಮುಂಬೈಯ ಗುರುತಾಗಿ ಮೊದಲು ಬೀಳುತ್ತಿದ್ದುದು ಈ ಹೋಟೆಲಿನ ಗುಮ್ಮಟ.

ಈಗ ದೇಶದ ಉದ್ದಗಲಕ್ಕೂ ವಿನ್ಯಾಸದ ಹೆಸರು ಹೇಳಿಕೊಂಡೇ ಅತಿಥಿಗಳನ್ನು ಕರೆಯುವ ದುಬಾರಿ ರೆಸಾರ್ಟುಗಳು ಹುಟ್ಟಿಕೊಂಡಿವೆ. ಒಂದು ರಾತ್ರಿಯ ಬಾಡಿಗೆ ಸಾಮಾನ್ಯ ಸಂಬಳದಾರನ ತಿಂಗಳ ದುಡಿಮೆಯನ್ನೇ ನುಂಗುವಷ್ಟು. ಅಲ್ಲಿ ಅತಿಥಿ ದುಡ್ಡು ಕೊಡುವುದು ಯಾವುದಕ್ಕೆ? ಕಲ್ಲಿಗೋ, ಕಡಲಿನ ನೋಟಕ್ಕೋ, ಮಂಚದ ಮೆತ್ತೆಗೋ? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ, ನಮ್ಮಲ್ಲಿ ಇಂಥ ಹೋಟೆಲುಗಳಿಗೆಲ್ಲ ಹಿರಿಯಣ್ಣನಂತಿರುವ ತಾಜ್ ಹುಟ್ಟಿದ ಬಗೆಯನ್ನು ನೋಡಬೇಕು.

ಪ್ಲೇಗಿನ ಊರಿನಲ್ಲಿ ಹುಟ್ಟಿದ ಯೋಚನೆ

ತಾಜ್‌ಗಿಂತ ಮುಂಚೆ ಮುಂಬೈಯ ದೊಡ್ಡ ಹೋಟೆಲೆಂದರೆ ಕಾಲಾ ಘೋಡಾದ ವಾಟ್ಸನ್ಸ್. ಎರಕದ ಕಬ್ಬಿಣದ ಬಿಡಿಭಾಗಗಳನ್ನು ಇಂಗ್ಲೆಂಡಿನಲ್ಲಿ ಮಾಡಿಸಿ ತಂದು, 1860ರ ದಶಕದ ಕೊನೆಯಲ್ಲಿ ಇಲ್ಲಿ ಜೋಡಿಸಿ ನಿಲ್ಲಿಸಿದ ಕಟ್ಟಡ ಅದು. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು 1896ರ ಜುಲೈ 7ರಂದು ಭಾರತದಲ್ಲಿ ಮೊದಲ ಸಲ ಪ್ರದರ್ಶನಗೊಂಡದ್ದು ಅಲ್ಲಿಯೇ. ಆದರೆ ಅದು ಯುರೋಪಿಯನ್ನರ ಹೋಟೆಲು. ಉದ್ಯಮಿ ಜಮ್‌ಷೆಟ್‌ಜಿ ಟಾಟಾ ಅವರನ್ನು ಅಲ್ಲಿ ಒಳಗೆ ಬಿಡಲಿಲ್ಲ, ಆ ಅವಮಾನಕ್ಕೆ ಉತ್ತರವಾಗಿ ಅವರು ತಾಜ್ ಕಟ್ಟಿಸಿದರು ಎಂಬ ಕಥೆಯನ್ನು ಗೈಡುಗಳು ಇಂದಿಗೂ ಹೇಳುತ್ತಾರೆ. ಕೇಳಲು ರೋಚಕವಾದ ಈ ಕಥೆಗೆ ಇತಿಹಾಸ ಬಲ್ಲವರು ಗಟ್ಟಿ ಆಧಾರ ಕಂಡಿಲ್ಲ.

ಆಧಾರವಿರುವ ಕಾರಣ ಇನ್ನೂ ದೊಡ್ಡದು. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿಯಿತು. ಜನ ಊರು ಬಿಟ್ಟು ಓಡಿದರು, ವ್ಯಾಪಾರ ಕುಸಿಯಿತು, ಹೊರಗಿನವರು ಇತ್ತ ಬರಲು ಹೆದರಿದರು. ಬಂದವರಿಗೂ ನೆಮ್ಮದಿಯಾಗಿ ಉಳಿದುಕೊಳ್ಳಲು ತಕ್ಕ ಜಾಗವಿರಲಿಲ್ಲ. ಟೈಮ್ಸ್ ಆಫ್ ಇಂಡಿಯಾದ ಸಂಪಾದಕ ಲೊವಾಟ್ ಫ್ರೇಸರ್ ಜಮ್‌ಷೆಟ್‌ಜಿಯವರ ಆಪ್ತರು. ಜಮ್‌ಷೆಟ್‌ಜಿಗೆ ಹೋಟೆಲಿನ ಒಡೆಯನೆನಿಸಿಕೊಳ್ಳುವ ಆಸೆ ಇರಲಿಲ್ಲ, ಜನ ಭಾರತಕ್ಕೆ ಬರಬೇಕು, ಮುಂಬೈ ಸುಧಾರಿಸಬೇಕು ಎಂಬುದಷ್ಟೇ ಅವರ ಹಂಬಲವಾಗಿತ್ತು ಎಂದು ಫ್ರೇಸರ್ ಹೇಳಿದ್ದಾರೆ. ಅಪೊಲೊ ಬಂದರಿನ ಬಳಿ, ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ 1898ರಲ್ಲಿ ಜಾಗ ಗೊತ್ತಾಯಿತು. ಹಣ ಜಮ್‌ಷೆಟ್‌ಜಿಯವರ ಸ್ವಂತದ್ದು.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. ಒಂದು ಕಡೆ ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ, ಇನ್ನೊಂದು ಕಡೆ ಭಾರಿ ಉಕ್ಕಿನ ಕಾರ್ಖಾನೆ, ಇವುಗಳ ಜೊತೆಗೆ ಊಟ ವಸತಿಯ ಮನೆಯೊಂದನ್ನೂ ಕಟ್ಟಲು ಹೊರಟೆಯಾ ಎಂದು ಸಹೋದರಿಯೊಬ್ಬರು ಜಮ್‌ಷೆಟ್‌ಜಿಯವರನ್ನು ಬೆರಗಿನಿಂದ ಕೇಳಿದ್ದರಂತೆ. ಆಕೆಗೆ ಬೇರೆ ಬೇರೆಯಾಗಿ ಕಂಡ ಇವೆಲ್ಲ ಅವರಿಗೆ ಒಂದೇ ಕೆಲಸದ ಭಾಗಗಳಾಗಿದ್ದಿರಬೇಕು. ವಿಜ್ಞಾನಿ, ಎಂಜಿನಿಯರ್, ವ್ಯಾಪಾರಿ, ವೈದ್ಯ, ಯಾರೇ ಈ ದೇಶಕ್ಕೆ ಬರಲಿ, ಆಗ ಹೆಚ್ಚಾಗಿ ಮೊದಲು ಕಾಲಿಡುತ್ತಿದ್ದುದು ಮುಂಬೈಯಲ್ಲಿ. ಮೊದಲ ರಾತ್ರಿಯೇ ಹೈರಾಣಾದವನು ಎರಡನೆಯ ಸಲ ಬರುವುದುಂಟೆ? ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ ಆ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ರೂಪುಗೊಂಡದ್ದು 1909ರಲ್ಲಿ. ಅದನ್ನು ನೋಡಲು ಜಮ್‌ಷೆಟ್‌ಜಿ ಇರಲಿಲ್ಲ. ಉಕ್ಕು, ಜಲವಿದ್ಯುತ್, ವಿಜ್ಞಾನ ಸಂಸ್ಥೆ, ಹೋಟೆಲು ಎಂಬ ನಾಲ್ಕು ಕನಸುಗಳಲ್ಲಿ ಅವರು ಕಣ್ಣಾರೆ ಕಂಡದ್ದು ಹೋಟೆಲೊಂದನ್ನೇ.

ಸೆಕೆಗೆ ಫ್ಯಾನು, ಕಾಯಿಲೆಗೆ ಡಾಕ್ಟರು

1903ರ ಡಿಸೆಂಬರ್ 16ರಂದು ತಾಜ್ ತೆರೆಯಿತು. ಆಗ ಬಂದ ಅತಿಥಿಗಳು 17 ಮಂದಿ. ಕಟ್ಟಡದ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆದರೂ ಆ ಅತಿಥಿಗಳಿಗಾಗಿ ಒಳಗೆ ಏನೇನು ಸಿದ್ಧವಾಗಿತ್ತು ಎಂಬ ಪಟ್ಟಿಯನ್ನು ಓದಿದರೆ ಕಟ್ಟಿಸಿದವರ ಮನಸ್ಸು ತಿಳಿಯುತ್ತದೆ. ಅಮೆರಿಕದ ಫ್ಯಾನುಗಳು, ಜರ್ಮನಿಯ ಲಿಫ್ಟುಗಳು, ಟರ್ಕಿಷ್ ಸ್ನಾನದ ಕೋಣೆಗಳು, ವಿದ್ಯುತ್ ದೀಪ, ಐಸ್ ಮಾಡುವ ಯಂತ್ರ, ಸೋಡಾ ಕಾರ್ಖಾನೆ, ಬಟ್ಟೆ ಒಗೆಯುವ ಲಾಂಡ್ರಿ, ಅಂಚೆ ಕಚೇರಿ, ಔಷಧದ ಅಂಗಡಿ, ಅಲ್ಲೇ ಉಳಿದಿರುವ ಒಬ್ಬ ಡಾಕ್ಟರು. ಜಮ್‌ಷೆಟ್‌ಜಿ ಯುರೋಪ್ ಸುತ್ತಿ ತಾವೇ ನಿಂತು ಸಾಮಾನು ಆರಿಸಿದ್ದರು. ಪ್ಯಾರಿಸಿನಲ್ಲಿ ಅವರು ಕೊಂಡ ಕಬ್ಬಿಣದ ಕಂಬಗಳು ಬಾಲ್‌ರೂಮಿನ ಭಾರ ಹೊತ್ತು ನಿಂತವು.

ಈ ಪಟ್ಟಿಯ ಒಂದೊಂದು ವಸ್ತುವಿನ ಹಿಂದೆಯೂ ಒಂದು ಕಷ್ಟದ ನೆನಪಿದೆ. ವಾರಗಟ್ಟಲೆ ಹಡಗಿನಲ್ಲಿ ಬಂದವನ ಬಟ್ಟೆ ಕೊಳೆಯಾಗಿರುತ್ತದೆ, ಲಾಂಡ್ರಿ ಬೇಕು. ಮುಂಬೈಯ ಸೆಕೆ ಅವನಿಗೆ ಹೊಸದು, ಫ್ಯಾನು ಬೇಕು. ಹೊರಗಿನ ನೀರು ಕುಡಿಯಲು ಭಯ, ಸೋಡಾ ಬೇಕು. ಪ್ಲೇಗಿನ ಊರು, ಮೈ ಬಿಸಿಯಾದರೆ ಜೀವ ಹಾರುತ್ತದೆ, ಡಾಕ್ಟರು ಬೇಕು. ಸುಖವಾಗಿ ತಲುಪಿದೆನೆಂದು ಮನೆಗೆ ತಿಳಿಸಬೇಕು, ಅಂಚೆ ಬೇಕು. ಅತಿಥಿ ಬಾಯಿಬಿಟ್ಟು ಕೇಳುವ ಮುಂಚೆಯೇ ಯಾರೋ ಅವನ ಸ್ಥಾನದಲ್ಲಿ ನಿಂತು ಯೋಚಿಸಿದ್ದರು. ಫ್ಯಾನು, ಬಚ್ಚಲು ಇರುವ ಕೋಣೆಗೆ ದಿನಕ್ಕೆ 13 ರೂಪಾಯಿ, ಊಟ ಸೇರಿದರೆ 20. ಅಂದಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ.

ಕನ್ನಡದ ಓದುಗರಿಗೆ ಕಾಲದ ಅಂದಾಜು ಸಿಗಲೆಂದು ಒಂದು ಮಾತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು, ಆದರೆ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟಿನಲ್ಲಿ. ಊರೂರು ಸೀಮೆಎಣ್ಣೆಯ ಬೆಳಕಿನಲ್ಲಿದ್ದ ಕಾಲಕ್ಕೆ ತಾಜ್ ತನ್ನದೇ ಯಂತ್ರಗಳಿಂದ ವಿದ್ಯುತ್ ದೀಪ ಬೆಳಗಿಸಿತ್ತು.

ಕಡಲಿಗೆ ಬೆನ್ನು ಹಾಕಿದ ಕಾರಣ

ನಕ್ಷೆ ಹಾಕಿದವರು ರಾವ್‌ಸಾಹೇಬ್ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ. ವಿಕ್ಟೋರಿಯಾ ಟರ್ಮಿನಸ್ ಕಟ್ಟಿದ ಎಫ್.ಡಬ್ಲ್ಯು. ಸ್ಟೀವನ್ಸ್ ಅವರ ಕೈಕೆಳಗೆ ಪಳಗಿದವರು ವೈದ್ಯ. ಕೆಲಸದ ನಡುವೆಯೇ, 1900ರಲ್ಲಿ ಅವರು ತೀರಿಕೊಂಡರು. ಮುಂದಿನ ಹೊಣೆ ಹೊತ್ತ ಇಂಗ್ಲಿಷ್ ವಾಸ್ತುಶಿಲ್ಪಿ ಡಬ್ಲ್ಯು.ಎ. ಚೇಂಬರ್ಸ್ ಕಟ್ಟಡವನ್ನು ಪೂರೈಸಿದರು. ಗುತ್ತಿಗೆದಾರ ಖಾನ್‌ಸಾಹೇಬ್ ಸೊರಾಬ್‌ಜಿ ರತನ್‌ಜಿ ಕಾಂಟ್ರಾಕ್ಟರ್, ಗುಮ್ಮಟದ ಕೆಳಗೆ ಗೋಡೆಯನ್ನಷ್ಟೇ ಆಸರೆಯಾಗಿಸಿಕೊಂಡು ಮೇಲೇರುವ ಮೆಟ್ಟಿಲ ಸಾಲನ್ನು ರೂಪಿಸಿದರು. ನಡುವೆ ಕಂಬಗಳಿಲ್ಲದ ಆ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿದರೆ ಕಟ್ಟಡದ ಎತ್ತರವೆಲ್ಲ ಒಂದೇ ನೋಟಕ್ಕೆ ದಕ್ಕುತ್ತದೆ.

ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಕಟ್ಟಿದ್ದರಿಂದ ಹೋಟೆಲಿನ ಬೆನ್ನು ಸಮುದ್ರದ ಕಡೆಗಾಯಿತು, ತಪ್ಪು ಕಂಡು ನೊಂದ ವಾಸ್ತುಶಿಲ್ಪಿ ಪ್ರಾಣ ಬಿಟ್ಟ ಎಂಬ ಮಾತು ಮುಂಬೈಯಲ್ಲಿ ಚಾಲ್ತಿಯಲ್ಲಿದೆ. ಇದು ಬರೀ ಕಟ್ಟುಕಥೆ. ಕುದುರೆಗಾಡಿಗಳು ನಗರದ ಕಡೆಯಿಂದ ಬರುತ್ತಿದ್ದ ಕಾಲವಾದ್ದರಿಂದ ಬಾಗಿಲು ಆ ಕಡೆಗಿತ್ತು, ಕಡಲ ಗಾಳಿಯ ಪಾಲು ಕೋಣೆಗಳಿಗೆ ಸಿಗಲೆಂದು ಕಟ್ಟಡದ ಇನ್ನೊಂದು ಮೈ ನೀರಿನ ಕಡೆಗಿತ್ತು. ಗಾಡಿಗಳು ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ಈಜುಕೊಳವಿದೆ, ಬಾಗಿಲು ಕಡಲ ಕಡೆಗೆ ಬಂದಿದೆ. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದವರ ತಲೆಗೆ ಇಲ್ಲದ ತಪ್ಪನ್ನು ಕಟ್ಟುವುದು ಅನ್ಯಾಯ. ಅದರಲ್ಲೂ ಒಬ್ಬ ಭಾರತೀಯ ಎಂಜಿನಿಯರನ ಹೆಸರು ಮರೆತು, ಅವನ ಸಾವಿಗೆ ಸುಳ್ಳು ಕಾರಣ ಹೇಳುವುದು ಇನ್ನೂ ದೊಡ್ಡ ಅನ್ಯಾಯ.

ಕಾಲಕ್ಕೊಂದು ಬಗೆಯ ಅತಿಥಿ

ಜಮ್‌ಷೆಟ್‌ಜಿ 1904ರ ಮೇ 19ರಂದು ಜರ್ಮನಿಯಲ್ಲಿ ಕಣ್ಣುಮುಚ್ಚಿದರು. ಹೋಟೆಲು ಅವರಿಲ್ಲದೆಯೇ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ ಅದು 600 ಹಾಸಿಗೆಗಳ ಆಸ್ಪತ್ರೆಯಾಯಿತು. 1933ರಲ್ಲಿ ಹಾರ್ಬರ್ ಬಾರ್ ತೆರೆಯಿತು. 1935ರಲ್ಲಿ ಅಮೆರಿಕದ ಕಪ್ಪು ಸಂಗೀತಗಾರ ಲಿಯಾನ್ ಅಬ್ಬಿಯ ತಂಡ ಇಲ್ಲಿ ಜಾಝ್ ನುಡಿಸಿತು. ಆಮೇಲೆ ಮಿಕಿ ಕೊರಿಯಾರ ತಂಡ ಎರಡು ದಶಕ ಕಾಲ ಇಲ್ಲಿನ ಸಂಜೆಗಳನ್ನು ಆಳಿತು. ಸರೋಜಿನಿ ನಾಯ್ಡು ಅವರಿಗೆ ಮುಂಬೈಯಲ್ಲಿ ತಾಜ್ ಮನೆಯೇ ಆಗಿತ್ತು. 1966ರಲ್ಲಿ ಸಿತಾರ್ ಕಲಿಯಲು ರವಿಶಂಕರ್ ಬಳಿಗೆ ಬಂದ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್, ಸ್ಯಾಮ್ ವೆಲ್ಸ್ ಎಂದು ಹೆಸರು ಮರೆಸಿ ಇಲ್ಲಿ ಉಳಿದರು. ಗುಟ್ಟು ಬಯಲಾಗಿ ಹೊರಗೆ ಅಭಿಮಾನಿಗಳು ನೆರೆದಾಗ ಪತ್ರಕರ್ತರ ಗೋಷ್ಠಿ ಕರೆದು, ಕಲಿಯಲು ಬಂದವನನ್ನು ಕಲಿಯಲು ಬಿಡಿ ಎಂದು ಕೇಳಿಕೊಳ್ಳಬೇಕಾಯಿತು.

ಕಡಲಿಗೆ ಕಿಟಕಿ ತೆರೆದ ಸೀ ಲೌಂಜಿನದು ಇನ್ನೊಂದು ಬಗೆಯ ನೆನಪು. ಮುಂಬೈಯ ಅದೆಷ್ಟೋ ಕುಟುಂಬಗಳಲ್ಲಿ ಹುಡುಗ ಹುಡುಗಿ ಮೊದಲು ಒಬ್ಬರನ್ನೊಬ್ಬರು ನೋಡಿದ್ದು ಅಲ್ಲಿನ ಚಹಾದ ಮೇಜಿನ ಮುಂದೆ. ಕೋಣೆ ಹಿಡಿಯುವ ತಾಕತ್ತಿಲ್ಲದವರಿಗೂ ಒಂದು ಸಂಜೆಯ ಮಟ್ಟಿಗೆ ತಾಜ್ ತಮ್ಮದಾಗುತ್ತಿತ್ತು.

1970ರ ದಶಕದಲ್ಲಿ ಅಜಿತ್ ಕೇರ್ಕರ್ ಮುಂದಾಳತ್ವದಲ್ಲಿ ಹೋಟೆಲು ಮೈಕೊಡವಿ ಎದ್ದಿತು. ಪಕ್ಕದ ಗ್ರೀನ್ಸ್ ಹೋಟೆಲಿದ್ದ ಜಾಗದಲ್ಲಿ ಟವರ್ ಕಟ್ಟಡ ಬಂತು. ಒಳಾಂಗಣದ ಹೊಣೆಯನ್ನು ಎಲಿಜಬೆತ್ ಕೇರ್ಕರ್ ವರ್ಷಗಟ್ಟಲೆ ಹೊತ್ತರು. ಹುಸೇನ್, ಗಾಯ್ತೊಂಡೆಯವರಂಥ ಕಲಾವಿದರ ಚಿತ್ರಗಳು ಗೋಡೆ ಏರಿದವು. ಉದಯಪುರದ ಲೇಕ್ ಪ್ಯಾಲೇಸ್ ತಾಜ್ ಸಂಸ್ಥೆಯ ಸುಪರ್ದಿಗೆ ಬಂತು, 1974ರಲ್ಲಿ ಗೋವಾದ ಅಗ್ವಾದಾ ಕೋಟೆಯ ಮಗ್ಗುಲಲ್ಲಿ ಕಡಲತೀರದ ರೆಸಾರ್ಟ್ ತೆರೆಯಿತು. ಇಂದು ನಾವು ರೆಸಾರ್ಟ್ ಎಂದು ಕರೆಯುವುದರ ರೂಪುರೇಷೆ ನಮ್ಮ ದೇಶದಲ್ಲಿ ಸಿದ್ಧವಾದದ್ದು ಹೆಚ್ಚುಕಡಿಮೆ ಈ ಕಾಲದಲ್ಲಿ.

ಮಾಟುಂಗಾದ ಬಾಳೆಯೆಲೆ

ಮುಂಬೈಯ ಆತಿಥ್ಯದ ಕಥೆಯಲ್ಲಿ ಕನ್ನಡ ಕರಾವಳಿಯವರ ಪಾಲನ್ನು ಬಿಟ್ಟು ಮುಂದೆ ಹೋಗಲಾಗದು. ಬರಿಗೈಯಲ್ಲಿ ಬಂದ ಹುಡುಗರು ಹಗಲು ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ತಾವೇ ಹೋಟೆಲು ತೆರೆದರು. ಕಾರ್ಕಳದ ಕಡೆಯಿಂದ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಅಲ್ಲಿ ಬಾಳೆಯೆಲೆಯ ಊಟ ಮುಗಿಸಿದವರು ಒಳಗೆ ಹೋಗಿ ಅಡುಗೆಮನೆಯನ್ನು ನೋಡಬಹುದು. ಊರು ಬಿಟ್ಟು ಬಂದು ಒಬ್ಬಂಟಿಯಾಗಿ ದುಡಿಯುವವನಿಗೆ ಬೇಕಾದದ್ದು ಶುಚಿಯ ನಂಬಿಕೆ, ಮನೆಯ ರುಚಿ. ಅದನ್ನು ಅರಿತೇ ಆ ಮನೆ ನಡೆದು ಬಂದಿದೆ. ತಾಜಿಗೂ ಮಾಟುಂಗಾಕ್ಕೂ ದರದಲ್ಲಿ ಅಜಗಜಾಂತರ. ಆದರೆ ಬರುವವನ ಬವಣೆಯನ್ನು ಮೊದಲೇ ಊಹಿಸುವ ಗುಣದಲ್ಲಿ ಎರಡೂ ಒಂದೇ ಸಾಲಿನವು.

ಪರೀಕ್ಷೆಯ ದಿನಗಳು

2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ತಾಜ್ ಹೊಕ್ಕರು. 29ರ ಬೆಳಗಿನವರೆಗೂ ಗುಂಡು, ಬೆಂಕಿ. ಹೋಟೆಲಿನಲ್ಲಿ ಸತ್ತವರು 31 ಮಂದಿ. ಅವರಲ್ಲಿ 11 ಮಂದಿ ಸಿಬ್ಬಂದಿ. ಒಳಗಿನ ದಾರಿಗಳೆಲ್ಲ ಗೊತ್ತಿದ್ದ ನೌಕರರು ಮೊದಲು ತಾವು ಪಾರಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಬಾಣಸಿಗರು ಅತಿಥಿಗಳ ಸುತ್ತ ಕೋಟೆ ಕಟ್ಟಿ ನಿಂತು ಅವರನ್ನು ಹೊರಗೆ ಕಳಿಸುವಾಗ ಗುಂಡಿಗೆ ಬಲಿಯಾದರು. ಟೆಲಿಫೋನ್ ಆಪರೇಟರುಗಳು ಕೋಣೆ ಕೋಣೆಗೆ ಕರೆ ಮಾಡಿ ಧೈರ್ಯ ಹೇಳಿದರು. ಜನರಲ್ ಮ್ಯಾನೇಜರ್ ಕರಂಬೀರ್ ಸಿಂಗ್ ಕಾಂಗ್ ಅವರ ಪತ್ನಿ ಮತ್ತು ಇಬ್ಬರು ಮಕ್ಕಳು ಆರನೆಯ ಮಹಡಿಯಲ್ಲಿ ಅಸುನೀಗಿದರು. ಆದರೂ ಕಾಂಗ್ ಅತಿಥಿಗಳ ರಕ್ಷಣೆಯ ಕೆಲಸ ಬಿಡಲಿಲ್ಲ. ಗಾಯಗೊಂಡ ಜೊತೆಗಾರನನ್ನು ಸುರಕ್ಷಿತವಾಗಿ ಕಳಿಸಿ, ಒಬ್ಬರೇ ಉಗ್ರರ ಬೆನ್ನಟ್ಟಿ ಹೋದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನವೆಂಬರ್ 28ರಂದು ಇಲ್ಲಿಯೇ ಹುತಾತ್ಮರಾದರು. ದೇಶ ಅವರಿಗೆ ಅಶೋಕ ಚಕ್ರ ನೀಡಿತು.

ಆ ನೌಕರರು ಹಾಗೇಕೆ ನಡೆದುಕೊಂಡರು ಎಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ರೋಹಿತ್ ದೇಶಪಾಂಡೆ, ಅಂಜಲಿ ರೈನಾ ಅವರ ಜೊತೆಗೂಡಿ ಅಧ್ಯಯನ ಮಾಡಿ 2011ರಲ್ಲಿ ಬರೆದರು. ಕೆಲಸಕ್ಕೆ ಆರಿಸಿಕೊಳ್ಳುವಾಗ ತಾಜ್ ಸಂಸ್ಥೆ ಮಹಾನಗರಗಳಿಗಿಂತ ಸಣ್ಣ ಊರುಗಳಿಗೆ ಹೋಗುತ್ತದೆ, ಬೆಂಗಳೂರಿಗೆ ಬದಲು ಮೈಸೂರು, ಮಣಿಪಾಲಗಳನ್ನು ನೋಡುತ್ತದೆ ಎಂಬುದು ಅವರು ಕಂಡ ಒಂದು ಸಂಗತಿ. ಅಂಕಗಳಿಗಿಂತ ಹಿರಿಯರ ಬಗೆಗಿನ ಗೌರವ, ಇತರರ ಕಷ್ಟಕ್ಕೆ ಮಿಡಿಯುವ ಗುಣ ಅಲ್ಲಿ ಮುಖ್ಯ. ಬೇರೆ ಕಡೆ ಹನ್ನೆರಡು ತಿಂಗಳ ತರಬೇತಿಯಾದರೆ ಇಲ್ಲಿ ಹದಿನೆಂಟು. ಕಂಪನಿಯ ಹಿತಕ್ಕಿಂತ ಅತಿಥಿಯ ಹಿತ ಮೇಲು ಎಂಬ ಪಾಠ ಅಲ್ಲಿ ಸಿಗುತ್ತದೆ.

ಸುಟ್ಟ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2010ರ ಆಗಸ್ಟ್ 15ರಂದು ಮತ್ತೆ ತೆರೆಯಲಾಯಿತು. ಕಟ್ಟಡದ ಹೊರರೂಪಕ್ಕೆ 2017ರಲ್ಲಿ ಟ್ರೇಡ್‌ಮಾರ್ಕ್ ಸಿಕ್ಕಿತು, ನಮ್ಮ ದೇಶದಲ್ಲಿ ಒಂದು ಕಟ್ಟಡಕ್ಕೆ ಅಂಥ ಮಾನ್ಯತೆ ಅದೇ ಮೊದಲು. ಆ ಗುಮ್ಮಟವನ್ನು ಇನ್ನು ಯಾರೂ ವ್ಯಾಪಾರಕ್ಕಾಗಿ ನಕಲು ಮಾಡುವಂತಿಲ್ಲ. ನಕಲು ಮಾಡಲೇಬೇಕಾದದ್ದು ಬೇರೆ ಇದೆ. 1903ರಲ್ಲಿ ಫ್ಯಾನು, ಡಾಕ್ಟರು, ಅಂಚೆಯ ರೂಪದಲ್ಲಿದ್ದ ಕಾಳಜಿಯೇ 2008ರಲ್ಲಿ ಮನುಷ್ಯರ ರೂಪದಲ್ಲಿ ಅತಿಥಿಯ ಮುಂದೆ ನಿಂತಿತು. ವಿನ್ಯಾಸದ ಹೆಸರಿನಲ್ಲಿ ಇಂದು ಕೋಟಿಗಟ್ಟಲೆ ಸುರಿಯುವ ರೆಸಾರ್ಟುಗಳು ಕಲ್ಲು, ಗಾಜು, ಬೆಳಕಿನ ಲೆಕ್ಕದ ಜೊತೆಗೆ ಮಣಿಪಾಲದಿಂದಲೋ ಮೈಸೂರಿನಿಂದಲೋ ಬರುವ ಆ ಹುಡುಗ ಹುಡುಗಿಯರ ತರಬೇತಿ, ಸಂಬಳ, ಮರ್ಯಾದೆಯ ಲೆಕ್ಕವನ್ನೂ ನಕ್ಷೆಯಲ್ಲಿಯೇ ಬರೆದುಕೊಳ್ಳಬೇಕು. ಅತಿಥಿ ಕೊಟ್ಟ ದುಡ್ಡಿಗೆ ನಿಜವಾದ ಬೆಲೆ ಸಿಗುವುದು ಅವರ ಕೈಯಿಂದಲೇ.