ಬೊಂಬೆಗೆ ಊರಿದೆ, ಹೆಸರಿಲ್ಲ

ನನ್ನ ಮನೆಯ ಗಾಜಿನ ಬೀರುವಿನಲ್ಲಿ 42 ಹಳೆಯ ಚನ್ನಪಟ್ಟಣದ ಬೊಂಬೆಗಳಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಕಾಲ. 1980ರ ದಶಕದ ಕೊನೆ. ನಾನು ಆ ಭಾಗದಲ್ಲಿ ಸರ್ಕಾರಿ ಸೇವೆಯಲ್ಲಿದ್ದೆ. ಮಾಗಡಿಯ ರಂಗನಾಥಸ್ವಾಮಿ ಜಾತ್ರೆಯಲ್ಲಿ ಕೊಂಡ ಒಂದು ಜೋಡಿಯಿಂದ ಈ ಹವ್ಯಾಸ ಆರಂಭವಾಯಿತು. ಮುಂದೆ ಹಲವು ಬೊಂಬೆಗಳು ಹಳೆಯ ಮನೆಗಳ ಅಟ್ಟದಿಂದ ಇಳಿದು ಬಂದವು. "ಇವನ್ನು ಮಾಡಿದವರು ಯಾರು ತಾತ?" ಎಂದು ಮೊಮ್ಮಗಳು ಈಚೆಗೆ ಕೇಳಿದಾಗ, ಒಂದರ ವಿಷಯದಲ್ಲಿಯೂ ನನ್ನಲ್ಲಿ ಉತ್ತರವಿರಲಿಲ್ಲ. ಕೊಟ್ಟ ಬೆಲೆಯನ್ನು ತಪ್ಪದೆ ಬರೆದಿಟ್ಟಿದ್ದ ನಾನು ಹೆಸರನ್ನು ಕೇಳಿಯೇ ಇರಲಿಲ್ಲ.

ಸ್ಕಾಟ್ಲೆಂಡಿನ ಕರ್ಕಾಡಿ ಪಟ್ಟಣದಲ್ಲಿ 1880ರ ದಶಕದಿಂದ ಸುಮಾರು 1930ರವರೆಗೆ 'ವೀಮ್ಸ್' ಎಂಬ ಮಣ್ಣಿನ ಪಾತ್ರೆಗಳು ತಯಾರಾಗುತ್ತಿದ್ದವು. ಅವುಗಳ ಮೇಲಿನ ಗುಲಾಬಿಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಸಂಗ್ರಾಹಕರು ಪಾತ್ರೆಯನ್ನು ಮಗುಚಿ, ಅಡಿಯ ಮುದ್ರೆಯನ್ನು ಹುಡುಕುತ್ತಾರೆ. ಚಿತ್ರ ಬರೆಯುವವರ ತಂಡವನ್ನು 1915ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ, ಬೊಹೀಮಿಯಾದಿಂದ ವಲಸೆ ಬಂದ ಕಾರೆಲ್ ನೆಕೋಲಾನ ಹೆಸರು ಇಂದಿಗೂ ಉಳಿದಿದೆ. ಶ್ರಮವಿಭಜನೆಯ ಮಹತ್ವವನ್ನು ಲೋಕಕ್ಕೆ ತಿಳಿಸಿದ ಆಡಂ ಸ್ಮಿತ್ ಹುಟ್ಟಿದ್ದೂ ಅದೇ ಊರಿನಲ್ಲಿ.

ಚನ್ನಪಟ್ಟಣದಲ್ಲಿಯೂ ಶ್ರಮವಿಭಜನೆಯುಂಟು. ಆಲೆ ಮರವನ್ನು ಕಡೆಯುವವರು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೊತ್ತಿ ಕೇದಿಗೆಯ ಗರಿಯಿಂದ ಹೊಳಪು ತರುವವರು, ಕುಂಚ ಹಿಡಿದು ಕಣ್ಣು-ಹುಬ್ಬು ಬರೆಯುವವರು, ಹೀಗೆ ಒಂದೇ ಬೊಂಬೆ ಹಲವು ಕೈಗಳನ್ನು ದಾಟಿ ಬರುತ್ತದೆ. ಆದರೆ ಅಡಿಯಲ್ಲಿ ಯಾವ ಕೈಯ ಗುರುತೂ ಇರುವುದಿಲ್ಲ. 2005-06ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯು ಊರಿನ ಹೆಸರಿಗೆ ಕಾನೂನಿನ ರಕ್ಷಣೆ ನೀಡಿತು. ಕುಶಲಕರ್ಮಿ ಮಾತ್ರ ಅನಾಮಧೇಯನಾಗಿಯೇ ಉಳಿದ.

ಕಳೆದ ತಿಂಗಳು ಒಂದು ಬೊಂಬೆಯನ್ನು ಚನ್ನಪಟ್ಟಣದ ಹಿರಿಯ ಕುಶಲಕರ್ಮಿಯೊಬ್ಬರ ಮುಂದಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಡೆದೋರು ಯಾರೋ ಗೊತ್ತಿಲ್ಲ ಸಾರ್. ಹುಬ್ಬು ಮಾತ್ರ ನಮ್ಮಮ್ಮ ಬರೆದದ್ದು. ಎಡಗಡೇದು ಯಾವಾಗಲೂ ಒಂದಿಷ್ಟು ಮೇಲಕ್ಕೆ ಹೋಗೋದು" ಎಂದರು. ಆಕೆ ಬರೆದ ಒಂದು ಬೊಂಬೆಯೂ ಅವರ ಮನೆಯಲ್ಲಿ ಉಳಿದಿರಲಿಲ್ಲ. ಬೊಂಬೆಯನ್ನು ಅವರಿಗೇ ಒಪ್ಪಿಸಿ ಬಂದೆ.

ಕಡೆದವರ, ಬರೆದವರ ಹೆಸರನ್ನೂ ವರ್ಷವನ್ನೂ ಬೊಂಬೆಯ ಅಡಿಯಲ್ಲಿ ನಮೂದಿಸಲು ಹೆಚ್ಚಿನ ವೆಚ್ಚವಾಗದು. ಮಾರಾಟ ಮಳಿಗೆಗಳೂ ಸಹಕಾರ ಸಂಘಗಳೂ ಇದನ್ನು ರೂಢಿಗೆ ತರಬೇಕು. ಹಳೆಯ ಬೊಂಬೆಗಳನ್ನು ಉಳಿಸಿಕೊಂಡಿರುವವರು ಒಮ್ಮೆ ಅವನ್ನು ಚನ್ನಪಟ್ಟಣಕ್ಕೆ ಒಯ್ಯಲಿ. ಗುರುತು ಹಿಡಿಯಬಲ್ಲ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಉಳಿದ 41 ಬೊಂಬೆಗಳೊಡನೆ ನಾನೂ ಮುಂದಿನ ವಾರ ಹೊರಟಿದ್ದೇನೆ.